ಹುರಿ ಬಿಡಿಸುವ ಮೊಳೆಗೆ ಚರಿತ್ರೆ ಇಲ್ಲವೆ?

‘ಕೆರೆ ಕಟ್ಟಿಸಿದ’, ‘ಗುಡಿ ಕಟ್ಟಿಸಿದ’, ‘ನಾಲೆ ತೆಗೆಸಿದ’ ಎಂದು ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳು ಹೇಳುತ್ತವೆ. ಈ ‘ಇಸು’ ಎಂಬ ಎರಡು ಅಕ್ಷರದ ಅಡಿಯಲ್ಲಿ ಕಟ್ಟಿದವರು, ತೆಗೆದವರು, ಹೊತ್ತವರು ಎಲ್ಲ ಹೂತುಹೋಗಿದ್ದಾರೆ. ಕಲ್ಲು ಕೆತ್ತಿದವನ ಹೆಸರು ಎಲ್ಲೋ ಒಂದೊಂದು ಶಾಸನದ ತುದಿಯಲ್ಲಾದರೂ ಸಿಗುತ್ತದೆ. ಆ ಕಲ್ಲನ್ನು ಬಿಗಿದು ಎಳೆದ ಹಗ್ಗವನ್ನು ಹೊಸೆದವನ ಹೆಸರು? ಹಗ್ಗ ನೆನೆಯುತ್ತದೆ, ಸವೆಯುತ್ತದೆ, ಮಣ್ಣಾಗುತ್ತದೆ. ಹೊಸೆದವರೂ ಹಾಗೇ ಹೋದರು.

ನಾವು ಇಲ್ಲಿ ಬರೆಯಹೊರಟಿರುವುದು ಹಗ್ಗದ ಬಗ್ಗೆ. ಅದರಲ್ಲೂ ಹಗ್ಗದ ಹುರಿ ಬಿಡಿಸುವ ಒಂದು ಗೇಣುದ್ದದ ಮೊಳೆಯ ಬಗ್ಗೆ. ಇಷ್ಟು ಸಣ್ಣ ವಸ್ತುವಿಗೂ ಚರಿತ್ರೆಯೇ ಎಂದು ನಗುವವರು ನಗಲಿ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಎಂದರೆ ಮಂಡ್ಯ ಸೀಮೆಯ ಜನಕ್ಕೆ ಮೊದಲು ನೆನಪಿಗೆ ಬರುವುದು ಕಾಲಭೈರವೇಶ್ವರನ ಬಸಪ್ಪ. ಆ ಬಸವನ ಪಾದಕ್ಕೆ ಅಡ್ಡಬೀಳಲು ದೂರದೂರಿಂದ ಜನ ಬರುತ್ತಾರೆ. ದೇವರ ಬಸವನಿಗಾಗಲಿ, ಹೊಲ ಉಳುವ ಎತ್ತಿಗಾಗಲಿ ಮೂಗುದಾರ ಹೊಸೆದ ಕೈ ಯಾರದು ಎಂದು ಕೇಳುವ ವಾಡಿಕೆ ಮಾತ್ರ ನಮ್ಮಲ್ಲಿಲ್ಲ. ಅದೇ ಹೋಬಳಿಯ ಒಂದು ಕೇರಿಯಲ್ಲಿ ಎಂಬತ್ತು ದಾಟಿದ ತಾತ ಒಬ್ಬರಿದ್ದಾರೆ. ಊರಿನವರು ಅವರನ್ನು ಹುಟ್ಟಿದಾಗಿನಿಂದ ‘ಲೇ’ ಎಂದೇ ಕರೆದದ್ದು. ನಾವು ಬಹುವಚನದಲ್ಲಿ ಮಾತಾಡಿಸಿದರೆ ಮೊದಲು ಮುಜುಗರಪಟ್ಟರು, ಆಮೇಲೆ ನಕ್ಕರು. ಜಗಲಿಯ ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಒಂದು ಕಬ್ಬಿಣದ ಮೊಳೆಯನ್ನು ತೆಗೆದು ನಮ್ಮ ಕೈಗಿಟ್ಟರು. ಒಂದು ತುದಿ ಹೆಬ್ಬೆರಳಷ್ಟು ದಪ್ಪ, ಇನ್ನೊಂದು ತುದಿ ಇಳಿಯುತ್ತಾ ಇಳಿಯುತ್ತಾ ಹೋಗಿ ಹುಲ್ಲುಕಡ್ಡಿಯಷ್ಟು ಸಣ್ಣ. ಹಿಡಿದು ಹಿಡಿದು ಕನ್ನಡಿಯ ಹಾಗೆ ನುಣುಪಾಗಿತ್ತು.

“ಇದಕ್ಕೇನಂತಾರೆ ತಾತ?”

“ಏನಂತಾರೆ ಮಗ, ಮೊಳೆ ಅಂತೀವಿ. ಮರುದ್ದಾದ್ರೆ ಗೂಟ ಅಂತೀವಿ. ಕೊಂಬಿಂದಾದ್ರೆ ಕೊಂಬು ಅಂತೀವಿ.”

ಹೆಸರಿಲ್ಲದ ಉಪಕರಣ. ಆದರೆ ಕಡಲ ಮೇಲೆ ಹಡಗು ನಡೆಸುವವರ ಲೋಕದಲ್ಲಿ ಇದಕ್ಕೆ ಹೆಸರಿದೆ, ಮಾರ್ಲಿನ್‌ಸ್ಪೈಕ್ ಅಂತ. ಮಾರ್ಲಿನ್ ಎಂದರೆ ಹಗ್ಗಕ್ಕೆ ಸುತ್ತುವ ಸಣ್ಣ ಹುರಿ, ಡಚ್ಚರ ಕಡೆಯಿಂದ ಬಂದ ಮಾತು. ಸ್ಪೈಕ್ ಎಂದರೆ ತಾತ ಹೇಳಿದ ಮೊಳೆಯೇ. ಹಾಯಿಹಡಗಿನ ನಾವಿಕನ ಸೊಂಟದಲ್ಲಿ ಇದು ಸದಾ ಇರುತ್ತಿತ್ತು. ಅವನಿಗೆ ಕೊಡುತ್ತಿದ್ದ ವಿದ್ಯಾಭ್ಯಾಸದಲ್ಲಿ ಇದೂ ಒಂದು ಪಾಠ. ನಮ್ಮ ಕೇರಿಯಲ್ಲಿ ಇದೇ ಕೆಲಸ ವಿದ್ಯೆ ಅನಿಸಿಕೊಳ್ಳಲಿಲ್ಲ, ಹುಟ್ಟಿನ ಜೊತೆ ಅಂಟಿದ ಚಾಕರಿ ಅನಿಸಿಕೊಂಡಿತು. ನಮ್ಮ ಪ್ರಶ್ನೆ ಇರುವುದು ಇಲ್ಲಿ.

ಮೊದಲು ಕೆಲಸವನ್ನು ತಿಳಿಯೋಣ. ಪೇಟೆಯಲ್ಲಿ ಬೆಳೆದ ವಿದ್ಯಾರ್ಥಿ ಗೆಳೆಯರಿಗೆ ಇದು ಗೊತ್ತಿರಲಾರದು.

ನಾರನ್ನು ಹೊಸೆದರೆ ಎಳೆ. ಎಳೆಗಳನ್ನು ಸೇರಿಸಿ ತಿರುಚಿದರೆ ಹುರಿ. ಮೂರು ಹುರಿಗಳನ್ನು ಎದುರು ದಿಕ್ಕಿಗೆ ಸುತ್ತಿದರೆ ಹಗ್ಗ. ಹುರಿ ಒಂದು ಕಡೆ ಬಿಚ್ಚಿಕೊಳ್ಳಲು ನೋಡುತ್ತದೆ, ಹಗ್ಗ ಇನ್ನೊಂದು ಕಡೆ ಬಿಚ್ಚಿಕೊಳ್ಳಲು ನೋಡುತ್ತದೆ, ಎರಡೂ ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಈಗ ಹಗ್ಗ ಹರಿಯಿತು ಅನ್ನಿ. ಗಂಟು ಹಾಕಬಹುದು. ಆದರೆ ಗಂಟು ಬಿದ್ದ ಕಡೆ ಹಗ್ಗದ ಬಲ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹೆಣೆದು ಬೆಸೆಯಬೇಕು. ಎರಡು ತುದಿಗಳ ಹುರಿಗಳನ್ನು ಬಿಚ್ಚಿ, ಎದುರುಬದುರು ಇಟ್ಟು, ಒಂದರ ಹುರಿಯನ್ನು ಇನ್ನೊಂದರ ಮೈಯೊಳಗೆ ತೂರಿಸಬೇಕು. ಒಂದು ಹುರಿಯ ಮೇಲೆ ಹಾಯಿಸಿ, ಮುಂದಿನ ಹುರಿಯ ಅಡಿಗೆ ನುಗ್ಗಿಸಿ, ಎಳೆದು ಕೂರಿಸಬೇಕು. ಮೂರು ಹುರಿಗೂ ಹೀಗೆ ಆದರೆ ಒಂದು ಸುತ್ತು. ನಾರಿನ ಹಗ್ಗಕ್ಕೆ ಕಡೇಪಕ್ಷ ಮೂರು ಸುತ್ತು ಬೇಕು. ಬಿಗಿಯಾಗಿ ಹೊಸೆದ ಹಗ್ಗದ ಹುರಿಗಳ ನಡುವೆ ಬೆರಳು ಹೋಗುವುದಿಲ್ಲ. ಅಲ್ಲಿ ಈ ಮೊಳೆ ಬೇಕು. ಹುರಿಯ ಅಡಿಗೆ ತುದಿ ತೂರಿಸಿ, ಸ್ವಲ್ಪ ತಿರುಗಿಸಿ ಎತ್ತಿದರೆ ಬಾಯಿ ಬಿಡುತ್ತದೆ. ಮೊಳೆ ಹೊರಗೆ ಬರುವಷ್ಟರಲ್ಲಿ ಹುರಿ ಒಳಗೆ ಹೋಗಿರಬೇಕು.

ಎಂಥ ಮೊಳೆ ಆರಿಸಬೇಕು? ತಾತನನ್ನು ಕೇಳಿದೆವು. ಒಂದು ಗಳಿಗೆ ಸುಮ್ಮನಿದ್ದು, “ಅಗ್ಗುಕ್ಕೆ ನೋವಾಗ್ಬಾರ್ದು ಕನ ಮಗ. ಎಳೆ ಬಿಡುಸ್ಬೇಕು, ಎಳೆ ಕುಯ್ಯಬಾರ್ದು” ಅಂದರು. ತುದಿ ಸೂಜಿಯ ಹಾಗೆ ಚೂಪಾಗಿದ್ದರೆ ಅದು ಹುರಿಯನ್ನೇ ಚುಚ್ಚಿ ಎಳೆಗಳನ್ನು ಸೀಳುತ್ತದೆ. ಸೀಳಿದ ಎಳೆ ಒಂದು ತಿಂಗಳಲ್ಲಿ ಹರಿಯುತ್ತದೆ. ತುದಿ ಸಣ್ಣಗಿರಬೇಕು, ಮೊಂಡಾಗಿರಬೇಕು. ಕೆಲವರು ಬಾತುಕೋಳಿಯ ಕೊಕ್ಕಿನ ಹಾಗೆ ಸ್ವಲ್ಪ ಚಪ್ಪಟೆ ಮಾಡಿಸುತ್ತಾರೆ. ದಪ್ಪ ಒಮ್ಮೆಲೇ ಏರಬಾರದು, ಉದ್ದಕ್ಕೂ ನಿಧಾನವಾಗಿ ಏರಬೇಕು. ಮೈಯಲ್ಲಿ ಗೀರು, ತುಕ್ಕು ಇರಬಾರದು. ತಾತ ಅದನ್ನು ಪರೀಕ್ಷೆ ಮಾಡುವುದು ಪಂಚೆಯ ಮೇಲೆ. ಹಳೆಯ ಪಂಚೆಯ ಮೇಲೆ ಮೊಳೆಯನ್ನು ಎಳೆದರೆ ಎಲ್ಲೂ ದಾರ ಕೀಳಬಾರದು. ಕಿತ್ತರೆ ಅಲ್ಲಿ ಇನ್ನೂ ಉಜ್ಜಬೇಕು. ಸಣ್ಣ ಹಗ್ಗಕ್ಕೆ, ಬಿಗಿ ಹಗ್ಗಕ್ಕೆ ಕಬ್ಬಿಣವೇ ಒಳ್ಳೆಯದು. ದಪ್ಪ ನಾರಿನ ಹಗ್ಗಕ್ಕೆ ಮರದ ಗೂಟ ವಾಸಿ, ಜಾಲಿಯ ಚೇಗಿನದಾದರೆ ಗಟ್ಟಿ, ನಾರಿಗೆ ಮೆತ್ತಗೆ. ತಾತನ ಮೊಳೆ ಒಂದು ಕಾಲದಲ್ಲಿ ಗಾಡಿಯ ಕಡಾಣಿಯಾಗಿತ್ತಂತೆ. ಗಾಡಿ ಮುರಿದ ಮೇಲೆ ಅವರ ಅಪ್ಪ ಅದನ್ನು ಆಚಾರಿಯ ಕುಲುಮೆಗೆ ಒಯ್ದು ಇಳಿಸಿಸಿಕೊಂಡದ್ದು. ಹಿಂಬದಿಯಲ್ಲಿ ಒಂದು ತೂತು, ತೂತಿನಲ್ಲಿ ಒಂದು ದಾರ. ದಾರ ಯಾಕೆ ಎಂದು ಕೇಳಿದ್ದಕ್ಕೆ, “ಬಾವಿ ಮ್ಯಾಲೆ ಕುಂತು ಕೆಲ್ಸ ಮಾಡೋವಾಗ ಕೈ ಜಾರಿ ಬಿದ್ರೆ? ಸೊಂಟುಕ್ಕೆ ಕಟ್ಕತಿದ್ವಿ” ಅಂದರು. ಹಡಗಿನ ಕಂಬದ ಮೇಲೆ ಹತ್ತುವ ನಾವಿಕನೂ ತನ್ನ ಮೊಳೆಯನ್ನು ಹೀಗೇ ದಾರದಲ್ಲಿ ಮೈಗೆ ಕಟ್ಟಿಕೊಳ್ಳುತ್ತಿದ್ದ. ಈ ದಾರದ ವಿಷಯಕ್ಕೆ ಆಮೇಲೆ ಬರುತ್ತೇವೆ.

ಬಾವಿ ಎಂದರೆ ಕಪಿಲೆ ಬಾವಿ. ಈಗಿನ ಹುಡುಗರು ಕಪಿಲೆಯನ್ನು ನೋಡಿಲ್ಲ. ಬಾವಿಯ ಮೇಲೆ ಒಂದು ಚೌಕಟ್ಟು, ಅದರ ಮೇಲ್ಗಡೆ ರಾಟೆ, ಕೆಳಗಡೆ ಬಾವಿಯ ಅಂಚಿಗೆ ಒಂದು ಉರುಳೆ. ದೊಡ್ಡ ತೊಗಲ ಚೀಲ, ಅದಕ್ಕೆ ಆನೆಯ ಸೊಂಡಿಲಿನಂಥ ತೊಗಲ ಕೊಳವೆ. ಎರಡು ಹಗ್ಗ. ದಪ್ಪನೆಯದು ರಾಟೆಯ ಮೇಲೆ ಹಾದು ಚೀಲವನ್ನು ಎತ್ತುತ್ತದೆ. ತೆಳ್ಳನೆಯದು ಉರುಳೆಯ ಮೇಲೆ ಹಾದು ಸೊಂಡಿಲ ಬಾಯನ್ನು ಎತ್ತಿ ಹಿಡಿದಿರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತವೆ, ಭಾರ ಸಾಲದಿದ್ದರೆ ಹೊಡೆಯುವವನು ಹಗ್ಗದ ಮೇಲೇ ಕೂರುತ್ತಾನೆ. ಚೀಲ ಮೇಲೆ ಬಂದ ಗಳಿಗೆಗೆ ಸರಿಯಾಗಿ ಸೊಂಡಿಲು ಉರುಳೆಯ ಮೇಲೆ ಹೊರಕ್ಕೆ ಬಂದು ನೀರು ತೊಟ್ಟಿಗೆ ಸುರಿಯಬೇಕು. ತೆಳ್ಳನೆ ಹಗ್ಗ ಒಂದು ಮೊಳ ಹೆಚ್ಚಾದರೆ ಸೊಂಡಿಲು ಜೋತುಬಿದ್ದು ನೀರು ಬಾವಿಗೇ ಚೆಲ್ಲುತ್ತದೆ. ಕಡಮೆಯಾದರೆ ಚೀಲ ಓರೆಯಾಗುತ್ತದೆ. ಎರಡು ಹಗ್ಗದ ಅಳತೆ ಕೂಡಿಸುವುದು ಒಂದು ಲೆಕ್ಕ. ಅಕ್ಷರ ಕಲಿಯಲು ಬಿಡದವರ ಕೈಯಲ್ಲಿ ಆ ಲೆಕ್ಕ ಇತ್ತು. ರಾಟೆಯ ಮೇಲೆ ದಿನಕ್ಕೆ ನೂರಾರು ಸಲ ಹೋಗಿಬರುವ ಈ ಹಗ್ಗದಲ್ಲಿ ಗಂಟು ಇರುವಂತಿಲ್ಲ, ಹೆಣೆದ ಜಾಗವೂ ಉಬ್ಬುವಂತಿಲ್ಲ. ಅದಕ್ಕೆ ಉದ್ದನೆಯ ಬೆಸುಗೆ ಹಾಕುತ್ತಿದ್ದರು. ಒಂದು ಕಡೆಯ ಹುರಿಯನ್ನು ಬಿಚ್ಚುತ್ತಾ ಹೋಗಿ ಅದೇ ತೋಡಿನಲ್ಲಿ ಇನ್ನೊಂದು ಕಡೆಯ ಹುರಿಯನ್ನು ಕೂರಿಸುತ್ತಾ ಹೋಗುವುದು. ಮೊಳ ಮೊಳ ಉದ್ದದ ಕೆಲಸ. ಮುಗಿದ ಮೇಲೆ ಕೈ ಸವರಿದರೂ ಬೆಸೆದ ಜಾಗ ಸಿಗಬಾರದು.

ಹಗ್ಗ ನಾರಿನದಾಗಬಹುದು, ತೊಗಲಿನದಾಗಬಹುದು. ತೊಗಲಿನದು ಮಿಣಿ. ಸತ್ತ ದನವನ್ನು ಎಳೆದು ತಂದು, ಸುಲಿದು, ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ಚಕ್ಕೆಯ ನೀರಲ್ಲಿ ಹದ ಮಾಡಿ, ಬಾರು ಸೀಳಿ, ಹರಳೆಣ್ಣೆ ತಿನ್ನಿಸಿ ಹೆಣೆದದ್ದು. ಬಾರಿನ ಕೊನೆಯನ್ನು ಹೆಣಿಗೆಯ ಒಳಕ್ಕೆ ಅಡಗಿಸಲು ಇದೇ ಮೊಳೆ. ಇನ್ನು ನಾರೆಂದರೆ ಸೆಣಬು, ಕತ್ತಾಳೆ. ಕತ್ತಾಳೆಯ ಕೆಲಸ ಬಹುಪಾಲು ಹೆಂಗಸರ ಪಾಲಿಗಿತ್ತು. ಎಲೆ ಕೊಯ್ದು, ಕೆರೆಯ ಅಂಚಿನ ಗುಂಡಿಯಲ್ಲಿ ಕೊಳೆಹಾಕಿ, ಬಡಿದು, ತೊಳೆದು ನಾರು ತೆಗೆಯಬೇಕು. ಅದರ ರಸ ತಾಗಿದರೆ ಮೈಯೆಲ್ಲ ತುರಿ, ಕೊಳೆತ ನಾತ ಬಟ್ಟೆ ಬಿಟ್ಟು ಹೋಗುವುದಿಲ್ಲ. ಹಗ್ಗ ಹೊಸೆದವನ ಹೆಸರೇ ಇಲ್ಲದ ಮೇಲೆ ನಾರು ಬಡಿದವಳ ಹೆಸರು ಎಲ್ಲಿಂದ ಬರಬೇಕು?

ಈಗ ಈ ವ್ಯವಸ್ಥೆಯ ತಿರುಪನ್ನು ನೋಡಿ. ಆ ತೊಗಲ ಚೀಲ ಬಾವಿಗೆ ಇಳಿಯುತ್ತದೆ. ಮಿಣಿ ನೀರಲ್ಲಿ ಮುಳುಗಿ ಏಳುತ್ತದೆ. ಆ ನೀರಲ್ಲೇ ಒಡೆಯನ ಗದ್ದೆ, ತೋಟ, ಗುಡಿಯ ಹೂವಿನ ಗಿಡ. ತೊಗಲು ಮುಟ್ಟಿದ ನೀರಿಗೆ ಮೈಲಿಗೆ ಇಲ್ಲ. ತೊಗಲನ್ನು ಹದ ಮಾಡಿದ ಕೈ ಅದೇ ಬಾವಿಯ ನೀರು ಮುಟ್ಟಿದರೆ ಮೈಲಿಗೆ. ಮಿಣಿ ಹರಿದಾಗ ಬಾವಿಯ ಮೇಲೆ ಹತ್ತಿ ಬೆಸೆಯಲು ಕರೆಯುತ್ತಿದ್ದರು, ಬೆಸೆದು ಇಳಿದ ಮೇಲೆ ಕುಡಿಯುವ ನೀರನ್ನು ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದರು. “ನಾವು ಅತ್ತಿದ್ದ ಬಾವಿ ಕನ ಮಗ ಅದು” ಎಂದು ತಾತ ಇದನ್ನು ಹೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ನಮ್ಮದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದರ ಅರ್ಥ ಗೊತ್ತಾಗಬೇಕಾದರೆ ಈ ಕಪಿಲೆ ಬಾವಿಯನ್ನು ನೆನೆಸಿಕೊಳ್ಳಬೇಕು.

ಕೂಲಿ? ಕೂಲಿ ಎಂಬ ಮಾತೇ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಕಾದು ನಿಂತವರಿಗೆ ಆಯ. ಮಿಣಿ, ನೊಗದ ಜೊತ್ತಿಗೆ, ಬಾರುಕೋಲು, ಮೆಟ್ಟು ಇಷ್ಟನ್ನೂ ವರ್ಷವೆಲ್ಲ ಒದಗಿಸಿದ್ದಕ್ಕೆ ಇಷ್ಟು ಕಾಳು, ಇಷ್ಟು ಹುಲ್ಲು. ಎಷ್ಟು ಎಂಬುದು ಅಳೆಯುವವನ ಮರ್ಜಿ. ರೇಟು ಕೇಳುವ ಹಾಗಿಲ್ಲ, ಬೇರೆ ಊರಿಗೆ ಹೋಗಿ ಮಾರುವ ಹಾಗಿಲ್ಲ. ಹಗ್ಗ ಹೊಸೆದವನನ್ನು ಕಟ್ಟಿಹಾಕಲು ಬೇರೆ ಹಗ್ಗವೇ ಬೇಕಾಗಿರಲಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಬೆಂಗಳೂರು, ಮದ್ದೂರು, ಮಂಡ್ಯದ ಹಾದಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋದ. ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಯಾರು ಏನು ಮಾಡುತ್ತಾರೆ, ಎಷ್ಟು ಸಿಗುತ್ತದೆ ಎಂದು ಬರೆದು ತರುವುದು ಅವನಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಕೊಟ್ಟ ಕೆಲಸ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಕಪಿಲೆ, ಏತ ಎರಡೂ ಅದರಲ್ಲಿವೆ. ಕಣದ ರಾಶಿಯನ್ನು ದೇವರಿಗೆ, ಬ್ರಾಹ್ಮಣರಿಗೆ, ಊರ ಚಾಕರಿಯವರಿಗೆ ಹೇಗೆ ಹಂಚುತ್ತಿದ್ದರು ಎಂಬ ಲೆಕ್ಕವಿದೆ. ಸೆಣಬು ಬೆಳೆದು ಗೋಣಿ ನೇಯುವವರ ಮಾತೂ ಇದೆ. ದೊರೆಯ ಕಣ್ಣಿಂದ ಬರೆದದ್ದಾದರೂ ನಮ್ಮ ಜನರ ಪಾಲಿಗೆ ಎಷ್ಟು ಸೇರು ಬೀಳುತ್ತಿತ್ತು ಎಂಬುದನ್ನು ನಾವು ಇವತ್ತು ಅಂಥ ಪುಸ್ತಕದಿಂದಲೇ ಹೆಕ್ಕಬೇಕಾಗಿದೆ. ನಮ್ಮ ಪಂಡಿತರು ಆ ಕಾಲದಲ್ಲಿ ಏನು ಬರೆಯುತ್ತಿದ್ದರು ಎಂದು ನಾವು ಕೇಳುವುದಿಲ್ಲ, ಓದುಗರೇ ಕೇಳಿಕೊಳ್ಳಲಿ.

ಇದರ ಮರುವರ್ಷ, 1808ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಾರ್ಸಿ ಲೀವರ್ ಎಂಬಾತ ಎಳೆಯ ನೌಕಾಧಿಕಾರಿಗಳಿಗಾಗಿ ಒಂದು ಪುಸ್ತಕ ತಂದ. ಹಗ್ಗ ಹೇಗೆ ಬೆಸೆಯಬೇಕು, ಹಾಯಿ ಹೇಗೆ ಕಟ್ಟಬೇಕು ಎಂಬುದೆಲ್ಲ ಚಿತ್ರ ಸಮೇತ ಅದರಲ್ಲಿದೆ. ಒಂದೇ ಮೊಳೆ, ಒಂದೇ ಕೆಲಸ, ಒಂದೇ ಕಾಲ. ಅಲ್ಲಿ ಅದು ಅಧಿಕಾರಿಯ ಮಗ ಓದಬೇಕಾದ ಪಾಠ. ಅಲ್ಲಿನ ನಾವಿಕರು ಸುಖವಾಗಿದ್ದರು ಎಂದೇನಲ್ಲ. ಬೀದಿಯಿಂದ ಹಿಡಿದೆಳೆದು ಹಡಗಿಗೆ ತುಂಬಿದ, ಬೆನ್ನಿಗೆ ಛಡಿಯೇಟು ತಿಂದ ಬಡವರೇ ಅವರೂ. ಆದರೆ ಅವರ ಕೈಚಳಕವನ್ನು ಯಾರೋ ಕೂತು ಬರೆದರು. ಆ ಸಾಲು ನಿಲ್ಲಲಿಲ್ಲ. 1944ರಲ್ಲಿ ಅಮೆರಿಕದ ಕ್ಲಿಫರ್ಡ್ ಆಶ್ಲಿ ಪ್ರಕಟಿಸಿದ ಗಂಟುಗಳ ಪುಸ್ತಕದಲ್ಲಿ 3800ಕ್ಕೂ ಹೆಚ್ಚು ಗಂಟು, ಹೆಣಿಗೆಗಳಿಗೆ ಒಂದೊಂದಕ್ಕೂ ನಂಬರು ಕೊಟ್ಟು ಚಿತ್ರ ಬರೆದಿದ್ದಾನೆ. ನಮ್ಮ ಕಣ್ಣಿಯ ಗಂಟು, ಮೂಗುದಾರದ ಗಂಟು, ಕಪಿಲೆಯ ಬೆಸುಗೆಗೆ ನಂಬರು ಯಾರು ಕೊಟ್ಟರು?

ಸೆಣಬಿನ ಕತೆ ಇನ್ನೊಂದಿದೆ. ಆಗಿನ ಇಂಗ್ಲಿಷರ ನೌಕಾಸೇನೆಯೆಲ್ಲ ರಷ್ಯದಿಂದ ಬರುವ ನಾರಿನ ಮೇಲೆ ನಿಂತಿತ್ತು. 1807ರಲ್ಲಿ ನೆಪೋಲಿಯನ್ನನೂ ರಷ್ಯದ ಚಕ್ರವರ್ತಿಯೂ ಒಪ್ಪಂದ ಮಾಡಿಕೊಂಡಾಗ ಆ ನಾರಿಗೇ ಸಂಚಕಾರ ಬಂತು. ಅದಕ್ಕೆ ಮೊದಲಿನಿಂದಲೂ ಕಲ್ಕತ್ತೆಯ ಸಸ್ಯತೋಟದ ವಿಲಿಯಂ ರಾಕ್ಸ್‌ಬರ್ಗ್ ನಮ್ಮ ಸೆಣಬಿನ ಹಗ್ಗಕ್ಕೆ ಭಾರ ಕಟ್ಟಿ ಕಟ್ಟಿ ಅದರ ಬಲ ಅಳೆಯುತ್ತಿದ್ದ. ಹಗ್ಗವನ್ನು ಸಾಮ್ರಾಜ್ಯ ಅಷ್ಟು ಗಂಭೀರವಾಗಿ ತೆಗೆದುಕೊಂಡಿತ್ತು.

ನಮ್ಮಲ್ಲಿ ಹಗ್ಗವನ್ನು ಗಂಭೀರವಾಗಿ ತೆಗೆದುಕೊಂಡವರೇ ಇರಲಿಲ್ಲವೆ? ಇದ್ದರು. 12ನೇ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯ ಇದ್ದರು. ಕೆರೆಯ ಅಂಚಿನ ಹೊಡಕೆ ಹುಲ್ಲು ಕೊಯ್ದು, ನುಲಿ ಹೊಸೆದು, ಮಾರಿ, ದಾಸೋಹ ಮಾಡಿದವರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಬಿತ್ತು, ಚಂದಯ್ಯ ಅದನ್ನು ಎತ್ತಿಕೊಳ್ಳದೆ ಹುಲ್ಲು ಹೊತ್ತು ನಡೆದರು, ಲಿಂಗವೇ ಹಿಂದೆ ಬಂತು, ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದರು ಎಂದು ಕತೆ. ರಾಜಿಯ ಷರತ್ತು ಏನು ಗೊತ್ತೆ? ಲಿಂಗವೂ ಹಗ್ಗ ಮಾರುವ ಕೆಲಸಕ್ಕೆ ಹೋಗಬೇಕು. ಈ ಕತೆಯನ್ನು ಜಯಂತಿಯ ದಿನ ಕಾಯಕದ ಮಹಿಮೆ ಎಂದು ಹೇಳಿ ಮುಗಿಸುವವರಿದ್ದಾರೆ. ನಮಗೆ ಕಾಣುವುದು ಬೇರೆ. ದುಡಿಯದೆ ಕೂತವನು ದೇವರಾದರೂ ಸರಿ ಏಳು ಎಂದ ಹಗ್ಗದವನ ಎದೆಗಾರಿಕೆ ಅದು. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲಂತೂ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಹತ್ಯಾರಗಳೇ ಇವೆ. ತೊಗಲ ಕೆಲಸದ ಉಪಕರಣವನ್ನು ದೇವರ ಹೆಸರಿನ ಜಾಗಕ್ಕೆ ತಂದು ಕೂರಿಸಿದ ಭಾಷೆ ನಮ್ಮದು. ಆಮೇಲಿನ ಶತಮಾನಗಳಲ್ಲಿ ಅಂಕಿತ ಉಳಿಯಿತು, ಹತ್ಯಾರ ಹಿಡಿದವರು ಊರಾಚೆಗೇ ಉಳಿದರು.

ಮಂಡ್ಯದ ಕತೆಗೆ ಬರೋಣ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಈ ಬಯಲಿಗೆ ನೀರು ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ರಾಗಿ ಬೆಳೆಯುತ್ತಿದ್ದ ಕಡೆ ಭತ್ತ, ಕಬ್ಬು. ಇದನ್ನು ನಾವು ಅಲ್ಲಗಳೆಯುವುದಿಲ್ಲ, ಹೊಟ್ಟೆಗೆ ಅನ್ನ ಬಂತು. ಆದರೆ ನಾಲೆಯ ನೀರು ಭೂಮಿ ಇದ್ದವನ ಭೂಮಿಗೆ ಬಂತು. ನಾಲೆ ಬಂದ ಕಡೆ ಕಪಿಲೆ ನಿಂತಿತು. ನಾಲೆ ಹತ್ತದ ದಿಣ್ಣೆಗಳಲ್ಲಿ ಇನ್ನೂ ಕೆಲವು ವರ್ಷ ಎತ್ತು ಇಳಿದವು, ಆಮೇಲೆ ಡೀಸೆಲ್ ಎಂಜಿನ್ನು, ಆಮೇಲೆ ಕರೆಂಟು ಮೋಟರು. ತಾತ ಕೊನೆಯ ಸಲ ಕಪಿಲೆಯ ಹಗ್ಗ ಬೆಸೆದದ್ದು ಅವರಿಗೆ ಮೀಸೆ ಮೂಡುವ ವಯಸ್ಸಿನಲ್ಲಿ. ಮಿಣಿ ಬೇಡವಾದ ಮೇಲೆ ಆಯವೂ ಬೇಡವಾಯಿತು. ಆದರೆ ಸತ್ತ ದನ ಎಳೆಯಲು, ತಮಟೆ ಬಡಿಯಲು ಕರೆಯುವುದು ನಿಲ್ಲಲಿಲ್ಲ. ವಿದ್ಯೆಯ ಭಾಗ ಹೋಯಿತು, ಬಿಟ್ಟಿಯ ಭಾಗ ಉಳಿಯಿತು. ಈ ಮಾತನ್ನು ನಮ್ಮ ಕೃಷಿ ಪ್ರಗತಿಯ ಚರಿತ್ರೆ ಬರೆಯುವವರು ಗಮನಿಸಬೇಕು.

ಕಾನೂನುಗಳು ಬಂದವು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯದ ಚಾಕರಿ ಕಾಗದದ ಮೇಲೆ ಕೊನೆಯಾಯಿತು. 1976ರಲ್ಲಿ ಜೀತ ರದ್ದಾಯಿತು. ಕಾಗದದಿಂದ ಕೇರಿಗೆ ಬರಲು ಅವು ಎಷ್ಟು ಕಾಲ ತೆಗೆದುಕೊಂಡವು ಎಂಬುದು ಇದನ್ನು ಓದುವ ಕಾರ್ಯಕರ್ತರಿಗೆ ನಾವು ಹೇಳಬೇಕಾಗಿಲ್ಲ. 1970ರ ದಶಕದಲ್ಲಿ ದಲಿತ ಚಳವಳಿ ಹಳ್ಳಿಗಳಿಗೆ ಬಂದಾಗ ಹುಡುಗರು ಸತ್ತ ದನ ಎಳೆಯುವುದಿಲ್ಲ, ತಮಟೆ ಬಡಿಯುವುದಿಲ್ಲ ಎಂದರು. ಆ ಹುಡುಗರಲ್ಲಿ ತಾತನ ತಮ್ಮನೂ ಒಬ್ಬರು. ಒಂದು ರಾತ್ರಿ ಮನೆಯಲ್ಲಿದ್ದ ಉಳಿ, ಗೂಟ, ಕೊಂಬು ಎಲ್ಲವನ್ನೂ ಒಯ್ದು ಹಳೇ ಕಪಿಲೆ ಬಾವಿಗೆ ಎಸೆದು ಬಂದರಂತೆ. ಈ ಕಬ್ಬಿಣದ ಮೊಳೆ ಮಾತ್ರ ತಾತನ ಸೊಂಟದಲ್ಲಿತ್ತು, ಉಳಿಯಿತು. ಅಣ್ಣತಮ್ಮಂದಿರು ಎರಡು ವರ್ಷ ಮಾತಾಡಲಿಲ್ಲ.

ತಮ್ಮ ಮಾಡಿದ್ದು ಸರಿ ಎಂದೇ ನಾವು ಇವತ್ತೂ ಹೇಳುತ್ತೇವೆ. ಅವಮಾನ ಅಂಟಿದ ಹತ್ಯಾರವನ್ನು ಇಟ್ಟುಕೊಂಡು ಪೂಜಿಸಲು ಆಗುವುದಿಲ್ಲ. ಕುಲಕಸುಬು ಉಳಿಸಿ, ಸಂಪ್ರದಾಯ ಉಳಿಸಿ ಎಂದು ಊರೊಳಗೆ ಕೂತು ಉಪದೇಶ ಮಾಡುವವರಿಗೆ ನಮ್ಮ ಉತ್ತರ ಆ ಬಾವಿಯ ತಳದಲ್ಲಿದೆ. ಆದರೂ ಗೆಳೆಯರೇ, ತಾತನ ಕಡೆಯ ಮಾತನ್ನೂ ಕೇಳಿ. “ಅವ್ನು ಬಿಟ್ಟಿ ಎಸ್ದ, ಸರಿ. ಅದ್ರ ಜೊತ್ಗೆ ಬುದ್ದೀನೂ ಎಸುದ್ಬುಟ್ನಲ್ಲ ಮಗ.” ಈ ಎರಡು ಮಾತಿನ ನಡುವೆ ನಮ್ಮ ತಲೆಮಾರು ನಿಂತಿದೆ. ಚಾಕರಿಯನ್ನು ಬಿಡಬೇಕು, ಸರಿ. ಆ ಕೈಗಳು ಸಾವಿರ ವರ್ಷ ಕೂಡಿಟ್ಟ ತಿಳಿವಳಿಕೆಯನ್ನು ಯಾರ ಹೆಸರಿಗೆ ಬರೆದಿಡಬೇಕು? ನಾವು ಬರೆಯದಿದ್ದರೆ ನಾಳೆ ಯಾವನೋ ಅದಕ್ಕೆ ‘ಗ್ರಾಮೀಣ ಸಂಸ್ಕೃತಿ’ ಎಂದು ಹೆಸರಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಅಲ್ಲಿ ಕಪಿಲೆ ಇರುತ್ತದೆ, ಬೊಗಸೆಗೆ ಮೇಲಿಂದ ಹೊಯ್ದ ನೀರು ಇರುವುದಿಲ್ಲ.

ಈಗ ದಾರದ ವಿಷಯ. ಬಾವಿಯ ಮೇಲೆ ಕೂತವನ ಮೊಳೆ ಬೀಳದ ಹಾಗೆ ಒಂದು ದಾರ ಇತ್ತು. ಹಡಗಿನವನ ಮೊಳೆಗೂ ಇತ್ತು. ಊರು ಬಿಟ್ಟು ನಗರಕ್ಕೆ ಹೋದ ನಮ್ಮ ಜನರಲ್ಲಿ ಎಷ್ಟೋ ಮಂದಿ ಮ್ಯಾನ್‌ಹೋಲಿಗೆ ಇಳಿದರು. ಅವರ ಸೊಂಟಕ್ಕೆ ಹಗ್ಗ ಇರಲಿಲ್ಲ. 2013ರಲ್ಲಿ ಮಲ ಹೊರುವ ಪದ್ಧತಿಯ ವಿರುದ್ಧ ಹೊಸ ಕಾಯ್ದೆ ಬಂತು. 2014ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಒಳಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ. ಇಳಿಯುವುದೇ ತಪ್ಪು, ಇಳಿಸುವುದು ಅಪರಾಧ, ಇದರಲ್ಲಿ ಎರಡು ಮಾತಿಲ್ಲ. ಹಗ್ಗ ಕೊಟ್ಟು ಇಳಿಸಿ ಎಂದು ನಾವು ಕೇಳುತ್ತಿಲ್ಲ. ಒಂದು ಕಬ್ಬಿಣದ ಮೊಳೆ ಬಾವಿಗೆ ಬಿದ್ದೀತೆಂದು ದಾರ ಕಟ್ಟಿದ ಜನರ ಮಕ್ಕಳನ್ನು ಹಗ್ಗವಿಲ್ಲದೆ ಇಳಿಸಿದವರು ಯಾರು ಎಂದು ಕೇಳುತ್ತಿದ್ದೇವೆ.

ಇವತ್ತು ಮದ್ದೂರಿನ ಸಂತೆಯಲ್ಲಿ ಸಿಗುವುದು ಪ್ಲಾಸ್ಟಿಕ್ ಹಗ್ಗ. ನೀಲಿ, ಹಳದಿ, ಹಸಿರು. ನೆನೆಯುವುದಿಲ್ಲ, ಕೊಳೆಯುವುದಿಲ್ಲ, ಅಗ್ಗ. ಹರಿದರೆ ಬೆಂಕಿಕಡ್ಡಿ ಗೀರಿ ತುದಿ ಕರಗಿಸಿ, ಒಂದು ಗಂಟು ಹಾಕಿ ಮುಗಿಸುತ್ತಾರೆ. ಒಂದು ಮೀಟರ್ ಅಂಥ ಹಗ್ಗ ಒಯ್ದು ತಾತನ ಮುಂದಿಟ್ಟೆವು. ನೋಡಿ ಮೂಸಿದರು, ಉಗುರಿನಿಂದ ಕೆರೆದರು. ಆಮೇಲೆ ಕೂತು ಕುಣಿಕೆ ಬೆಸೆಯತೊಡಗಿದರು. ಮೂರು ಸುತ್ತು ಹೆಣೆದು ಎಳೆದರೆ ಜಾರಿತು. ನಾರು ನಾರನ್ನು ಕಚ್ಚಿಕೊಳ್ಳುತ್ತದೆ, ಇದು ನುಣುಪು, ಕಚ್ಚುವುದಿಲ್ಲ. ಮತ್ತೆ ಬಿಚ್ಚಿ ಐದು ಸುತ್ತು ಹಾಕಿದರು. ಕಾಲಲ್ಲಿ ಒತ್ತಿ ಎಳೆದರು. ನಿಂತಿತು. ಹಡಗಿನವರ ಹೊಸ ಪುಸ್ತಕಗಳೂ ಇಂಥ ಹಗ್ಗಕ್ಕೆ ಐದು ಸುತ್ತು ಎಂದೇ ಹೇಳುತ್ತವೆ. ತಾತ ಆ ಪುಸ್ತಕ ಓದಿಲ್ಲ, ಓದಲು ಅವರಿಗೆ ಯಾರೂ ಕಲಿಸಲಿಲ್ಲ.

ಆ ಮೊಳೆಯನ್ನು ನಾವು ಅಳೆದೆವು. ಉದ್ದ ಒಂದು ಗೇಣಿಗೆ ಎರಡು ಬೆರಳು ಕಡಮೆ. ಹಿಂಬದಿಯ ದಪ್ಪ ಹೆಬ್ಬೆರಳಷ್ಟು. ತುದಿ ಮೊಂಡು, ಸ್ವಲ್ಪ ಚಪ್ಪಟೆ. ಹಿಂದಿನಿಂದ ಒಂದು ಬೆರಳಗಲದಲ್ಲಿ ತೂತು. ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡೆವು. ತಾತನ ಹೆಸರನ್ನು ಅದರ ಕೆಳಗೆ ಬರೆದಿದ್ದೇವೆ. ಅವರು ಬೇಡವೆಂದದ್ದಕ್ಕೆ ಇಲ್ಲಿ ಅಚ್ಚು ಮಾಡಿಲ್ಲ. ಓದುಗರಲ್ಲಿ, ಅದರಲ್ಲೂ ಹಳ್ಳಿಯ ಮೇಷ್ಟರುಗಳಲ್ಲಿ ಒಂದು ಕೇಳಿಕೆ. ನಿಮ್ಮ ಕೇರಿಯಲ್ಲಿ ಇಂಥ ಮೊಳೆ, ಗೂಟ, ಕೊಂಬು ಯಾರ ಸೂರಿನಲ್ಲಾದರೂ ಸಿಕ್ಕಿಸಿದ್ದರೆ ಅದನ್ನು ಕೇಳಿ ತರಬೇಡಿ, ಕೊಳ್ಳಬೇಡಿ. ಅವರ ಜಗಲಿಯಲ್ಲೇ ಕೂತು ಅಳತೆ ತೆಗೆಯಿರಿ. ಯಾವುದರಿಂದ ಮಾಡಿದ್ದು, ಯಾವ ಹಗ್ಗಕ್ಕೆ, ಎಷ್ಟು ಸುತ್ತು, ಸುಗ್ಗಿಯಲ್ಲಿ ಎಷ್ಟು ಕಾಳು ಬಂತು, ಯಾರು ಅಳೆದರು, ಎಲ್ಲವನ್ನೂ ಅವರ ಮಾತಲ್ಲೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ.